ಬೀಗರು ಬಂದ ದಿನ ಬಿದ್ದ ಬೀಗ

“ನೋಡು ಲುಡಿ, ಭಾನುವಾರ ಬೀಗರು ಬಂದು, ಊಟ ಮುಗಿಸಿ, ವಾಪಸ್ಸು ಗಾಡಿ ಹತ್ತೋವರೆಗೂ ನಾನು ಕಲ್ಲು! ಕಲ್ಲಿನ ವಿಗ್ರಹ! ಕೈ ಅಲ್ಲಾಡಲ್ಲ, ಕಾಲು ಅಲ್ಲಾಡಲ್ಲ, ಯಾರ ಕಿವಿಯಿಂದಾನೂ ಏನೂ ಉದುರಲ್ಲ. ಆಯ್ತಾ?”

ಹೀಗೆಂದು ಅನಿಸೆತೊ ಸುಂಗಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎದೆಯ ಮೇಲೆ ಕೈಯಿಟ್ಟು ಭೀಷ್ಮಪ್ರತಿಜ್ಞೆ ಮಾಡಿದ. ಎಡಗೈ ಎದೆಯ ಮೇಲಿತ್ತು ನಿಜ. ಬಲಗೈ ಅಷ್ಟು ಹೊತ್ತಿಗಾಗಲೇ ಬೆಳ್ಳುಳ್ಳಿ ಬುಟ್ಟಿಯೊಳಗಿಂದ ಒಂದು ಕೆಂಪು ಮರದ ಚೆಂಡನ್ನು ಹೊರತೆಗೆದು ನಾಲ್ಕು ಬೆರಳುಗಳ ನಡುವೆ ಉರುಳಾಡಿಸುತ್ತಿತ್ತು.

ಹೆಂಡತಿ ಲುಡಿವಿನಾ ಆ ಚೆಂಡನ್ನೇ ನೋಡುತ್ತ, “ಕಲ್ಲಾ? ನಿಮ್ಮನ್ನ ಗೋರಿ ಒಳಗೆ ಮಲಗಿಸಿದ್ರೂ ಮಗ್ಗುಲು ಬದಲಾಯಿಸ್ತಾನೇ ಇರ್ತೀರಿ,” ಎಂದಳು.

ಅವಳ ಮಾತಿನಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಅನಿಸೆತೊ ಪಂಪಾಂಗ ಸೀಮೆಯ ಸಾನ್ ಫೆರ್ನಾಂದೊ ಊರಿನ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಇಪ್ಪತ್ತಾರು ವರ್ಷ ಮಕ್ಕಳನ್ನು ಕುಣಿಸಿ ಕುಣಿಸಿ, ಕೂರುವುದು ಹೇಗೆಂಬುದನ್ನೇ ಮರೆತ ಆಸಾಮಿ. ಚರ್ಚಿನಲ್ಲಿ ಪ್ರವಚನದ ಮಧ್ಯೆ ಮೂರು ಸಲ ಎದ್ದು ನಿಲ್ಲುತ್ತಿದ್ದ. ಹೊಸ ಪಾದ್ರಿಗಳು ಅದನ್ನು ಭಕ್ತಿಯೆಂದು ತಿಳಿದು ಅವನನ್ನು ಎಲ್ಲರ ಮುಂದೆ ಹೊಗಳಿದ್ದೂ ಉಂಟು!

ಈ ಚಡಪಡಿಕೆಗೆ ಅವನು ತಾನೇ ಕಂಡುಕೊಂಡ ಔಷಧವೆಂದರೆ ಜಾದೂ. ಅದೂ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಡಬ್ಬಿಗಳ ಜಾದೂ ಅಲ್ಲ. “ಪ್ಲಾಸ್ಟಿಕ್ ಮುಟ್ಟಿದ ಕೈ ಜಾದೂಗಾರನ ಕೈಯೇ ಅಲ್ಲ,” ಎನ್ನುವುದು ಅವನ ಸಿದ್ಧಾಂತ. ಕೈಯಲ್ಲೇ ಕೊರೆದು, ಕಡೆದು, ಉಜ್ಜಿ ಮಾಡಿದ ಮರದ ಸಾಮಾನೇ ಬೇಕು. ಚೆಂಡು ನುಂಗುವ ಬಟ್ಟಲು, ಕರವಸ್ತ್ರ ತಿನ್ನುವ ಕೊಳವೆ, ಪಾರಿವಾಳ ಹೆರುವ ಬಾಣಲೆ, ಹೀಗೆ ನೂರ ನಲವತ್ತಮೂರು ಸಾಮಾನು ಆ ಪುಟ್ಟ ಮನೆಯಲ್ಲಿ ತುಂಬಿಕೊಂಡಿದ್ದವು. ಪ್ರತಿ ಭಾನುವಾರ ಯಾರದೋ ಮಗುವಿನ ಹುಟ್ಟುಹಬ್ಬ, ಯಾರದೋ ನಾಮಕರಣ. ಅನಿಸೆತೊ ನಾಲ್ಕು ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟೇಬಿಡುತ್ತಿದ್ದ. ಆಟ ಚೆನ್ನಾಗಿಯೇ ಆಡುತ್ತಿದ್ದ. ನಿಲ್ಲಿಸುವುದು ಯಾವಾಗ ಎಂಬುದೊಂದೇ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಇದರಿಂದ ಸಂಸಾರಕ್ಕೆ ಆದ ಲಾಭವೆಂದರೆ, ಆ ಮನೆಯಲ್ಲಿ ಒಂದೇ ತಳವಿರುವ ಪಾತ್ರೆ ಸಿಗುವುದೇ ಕಷ್ಟವಾಗಿತ್ತು! ಎದುರುಮನೆಯಾಕೆ ಒಮ್ಮೆ ಒಂದು ಲೋಟ ಸಕ್ಕರೆ ಕೇಳಲು ಬಂದಿದ್ದಳು. ಲುಡಿ ಕಪಾಟಿನ ಮೇಲಿದ್ದ ಚಂದದ ಡಬ್ಬಿ ತೆರೆದು ತೋರಿಸಿದಳು: ತುಂಬ ಸಕ್ಕರೆ. ಚಮಚ ತಂದು ಮತ್ತೆ ತೆರೆದಳು: ಖಾಲಿ! ಮುಚ್ಚಿ ತೆರೆದಳು: ಸಕ್ಕರೆ. ಲೋಟ ಹಿಡಿದಳು: ಖಾಲಿ! “ಕೊಡೋಕೆ ಇಷ್ಟ ಇಲ್ದಿದ್ರೆ ಬಾಯಲ್ಲಿ ಹೇಳಬಾರ್ದಾ?” ಎಂದು ಹೋದ ಎದುರುಮನೆಯಾಕೆ ಇವತ್ತಿಗೂ ಮಾತು ಬಿಟ್ಟಿದ್ದಾಳೆ.

“ಕಣ್ಕಟ್ಟು ಕಣ್ಕಟ್ಟು ಅಂತ ನನ್ನ ಬಾಯಿ ಕಟ್ಟಿಹೋಯ್ತಲ್ರೀ,” ಎಂದು ಲುಡಿ ಅಂದು ಅತ್ತಿದ್ದಳು.

ಈಗ ವಿಷಯ ಸಕ್ಕರೆಯದ್ದಲ್ಲ, ಮಗಳದ್ದು. ಒಬ್ಬಳೇ ಮಗಳು ಲಿಗಾಯಾ ಆಸ್ಪತ್ರೆಯಲ್ಲಿ ನರ್ಸು. ಅವಳು ಮೆಚ್ಚಿದ ಹುಡುಗ ಆರ್ನೆಲ್ ಕಯಬ್ಯಾಬ್, ಒಂದು ಮಾತಾಡುವಷ್ಟರಲ್ಲಿ ಎರಡು ಸಲ ಬೆವರೊರೆಸಿಕೊಳ್ಳುವ ಸಂಭಾವಿತ. ಅವನ ಮನೆಯವರು ಪಂಗಸಿನಾನ್ ಸೀಮೆಯಿಂದ ಮೂರು ತಾಸು ಪ್ರಯಾಣ ಮಾಡಿ, ಕ್ರಮಪ್ರಕಾರ ಊಟ ಹೊತ್ತುಕೊಂಡು ಹೆಣ್ಣು ಕೇಳಲು ಬರುವ ದಿನವೇ ಆ ಭಾನುವಾರ. ಮದುವೆ ದಿನ ಗೊತ್ತುಮಾಡುವುದೂ ಅವತ್ತೇ.

ಭಾನುವಾರ ಬೆಳಿಗ್ಗೆ ಅನಿಸೆತೊ ಆರಕ್ಕೇ ಎದ್ದು ಅಂಗಳವನ್ನು ಎರಡು ಸಲ ಗುಡಿಸಿದ. ಕುರ್ಚಿಗಳನ್ನು ಗೋಡೆಗೆ ಜರುಗಿಸಿದ, ನಡುವಿಗೆ ಎಳೆದ, ಮತ್ತೆ ಗೋಡೆಗೆ ಜರುಗಿಸಿದ. ಸೊಳ್ಳೆಪರದೆ ಮಡಿಸಿ, ಬಿಚ್ಚಿ, ಅದರಿಂದ ಮೊಟ್ಟೆ ತೆಗೆದ. ಹತ್ತು ಗಂಟೆಯ ಹೊತ್ತಿಗೆ ಲುಡಿ ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದು ಅವನ ತೊಡೆಯ ಮೇಲಿಟ್ಟಳು.

“ಪೋನ್ಸೊ ಅಜ್ಜ ಕಳಿಸಿದಾರೆ. ಮುಚ್ಚಿದ ಮೇಲೆ ತೆಗೀಬೇಕಂತೆ. ‘ನಿನ್ನ ಗಂಡನ ಕೈಲಾಗುತ್ತಾ ನೋಡು’ ಅಂದ್ರು. ಆ ಮೂಲೆ ಕುರ್ಚಿ ಮೇಲೆ ಕೂತು ನೋಡ್ತಾ ಇರಿ.”

ಅನಿಸೆತೊ ಸುತ್ತಿದ ಬಟ್ಟೆಯನ್ನು ಅವಸರದಿಂದ ಬಿಚ್ಚಿದ. ಪೋನ್ಸೊ ಅಜ್ಜ ಎಂದರೆ ಬೇತಿಸ್ ಊರಿನ ಬಡಗಿ; ಎಂಬತ್ತೊಂದು ವರ್ಷ; ಇಗರ್ಜಿಗಳಿಗೆ ಸಂತರ ವಿಗ್ರಹ ಕೆತ್ತಿ ಕೆತ್ತಿ, ಬೇಸರವಾದಾಗ ಜಾದೂ ಪೆಟ್ಟಿಗೆ ಮಾಡುವವರು. ಮೊಳೆ ಹೊಡೆಯುವವರಲ್ಲ, ಅಂಟು ಮುಟ್ಟುವವರಲ್ಲ. ಯಾರಾದರೂ “ಚೆನ್ನಾಗಿದೆ” ಎಂದರೆ ಸಿಟ್ಟಾಗುವವರು. ಅಂಥವರು ತಾವಾಗಿಯೇ ಕಳಿಸುವುದೆಂದರೆ!

ಪೆಟ್ಟಿಗೆ ಒಂದು ದೊಡ್ಡ ಮಾವಿನಹಣ್ಣು ಹಿಡಿಯುವಷ್ಟಿತ್ತು. ನಾರಾ ಮರದ ಹೊಂಬಣ್ಣ, ಅಂಚಿಗೆ ಕರಿಮರದ ಎಳೆ. ಮುಚ್ಚಳ ತೆರೆದೇ ಇತ್ತು. ಅನಿಸೆತೊ ಒಳಗೆ ಇಣುಕಿದ. ಗೋಡೆಯಲ್ಲೊಂದು ಸಣ್ಣ ಗೀರು ಕಂಡಿತು. ಅಷ್ಟೇ! ಅವನ ಮುಖ ಅರಳಿತು.

“ಓಹೋ, ಇದಾ? ಬಲಕ್ಕೆ ವಾಲಿಸು, ಎಡಕ್ಕೆ ಒತ್ತು! ನನ್ನ ಹತ್ರ ಇರೋ ತೊಂಬತ್ತೆಂಟನೇದೂ ಇದೇ ಜಾತಿ. ಇದನ್ನ ತೆಗೆಯೋಕೆ ನನಗೆ ಮೂಗಿನ ಒಂದು ಹೊಳ್ಳೆಯ ಉಸಿರು ಸಾಕು!”

“ಒಂದ್ಸಲ ಮುಚ್ಚಿ ತೆಗೆದು ನೋಡ್ರಿ ಮತ್ತೆ,” ಎಂದಳು ಲುಡಿ, ಆಸೆಯಿಂದ.

“ಹುಲಿಗೆ ಬೇಟೆ ಪ್ರಾಕ್ಟೀಸ್ ಬೇಕಾ?”

ಲುಡಿಯ ಮುಖ ಯಾಕೋ ಇಳಿಯಿತು. ಅವಳು ಒಳಗೆ ಹೋದಳು. ಹುಲಿ ಪೆಟ್ಟಿಗೆಯನ್ನು ಹಾಗೇ ತೆರೆದಿಟ್ಟು ಮೀಸೆ ತಿರುವುತ್ತ ಬೀಗಿತು.

ಬೀಗರು ಹನ್ನೊಂದೂವರೆಗೆ ಬಂದರು. ಒಟ್ಟು ಒಂಬತ್ತು ಜನ, ಬಾಡಿಗೆಗೆ ಹಿಡಿದ ಬಣ್ಣಬಣ್ಣದ ಒಂದು ಜೀಪ್ನಿ ಗಾಡಿಯ ತುಂಬ. ಜೊತೆಗೆ ಒಂದು ಬುಟ್ಟಿ ಸುಟ್ಟ ಮೀನು, ಹರಿವಾಣದಷ್ಟು ಅಗಲದ ತಟ್ಟೆಯಲ್ಲಿ ಶ್ಯಾವಿಗೆ, ಬಾಳೆಲೆಯಲ್ಲಿ ಸುತ್ತಿದ ಸಿಹಿ ಕಡುಬು. ಹುಡುಗನ ತಂದೆ ವೆನಾನ್ಸಿಯೊ ಮೂವತ್ತು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು, ಆ ಗದ್ದಲದಲ್ಲಿ ಮಾತೇ ಬಿಟ್ಟುಕೊಟ್ಟ ಮನುಷ್ಯ. ಅವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಅಕ್ಷರ, “ಹೂಂ.” ಹೌದು ಎನ್ನುವುದಕ್ಕೂ ಅದೇ, ಅಲ್ಲ ಎನ್ನುವುದಕ್ಕೂ ಅದೇ. ಗಂಡ ಉಳಿಸಿದ ಮಾತನ್ನೆಲ್ಲ ಹೆಂಡತಿ ಪುರಿತಾ ಖರ್ಚು ಮಾಡುತ್ತಿದ್ದರು. ಆಕೆ ಹೊಸ್ತಿಲಲ್ಲೇ ನಿಂತು, “ದಾರೀಲಿ ಬಲಗಡೆ ಬಿಳಿ ಎಮ್ಮೆ ಕಾಣಿಸ್ತು. ಶುಭ ಶಕುನ!” ಎಂದು ಘೋಷಿಸಿದರು. ಶಕುನ ನೋಡದೆ ಆಕೆ ಚಪ್ಪಲಿಯನ್ನೂ ಮೆಟ್ಟುತ್ತಿರಲಿಲ್ಲವಂತೆ.

ಅನಿಸೆತೊ ಮಾತಿಗೆ ತಪ್ಪಲಿಲ್ಲ. ಕುಳಿತ! ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕುಳಿತ. ಐದು ನಿಮಿಷ ಕಳೆಯಿತು. ಅಂಗೈ ನವೆಯಾಡಿತು. ಹತ್ತು ನಿಮಿಷಕ್ಕೆ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ನಾಣ್ಯ ಚಿಮ್ಮುವಂತೆ ಚಿಮ್ಮತೊಡಗಿತು. ಕಾಲು ಗಂಟೆಗೆ ಮಂಡಿ ಶುರುವಾಯಿತು. ಮಂಡಿ ಮೇಜಿಗೆ ತಾಗಿತು, ಮೇಜಿನ ಮೇಲಿನ ಸಾರಿನಲ್ಲಿ ಅಲೆ ಎದ್ದಿತು.

ಪುರಿತಾ ಚಮಚ ಬಿಟ್ಟು ಮೇಜು ಹಿಡಿದುಕೊಂಡರು. “ಭೂಕಂಪನಾ?”

“ಅಲ್ಲ, ನಮ್ಮ ಯಜಮಾನ್ರು,” ಎಂದಳು ಲುಡಿ.

ಎಲ್ಲರೂ ನಕ್ಕರು. ನಗುವಿನ ಹಿಂದೆಯೇ ಪುರಿತಾ ಬರೀ ಸೌಜನ್ಯಕ್ಕಾಗಿ ಆಡಿದ ಒಂದು ಮಾತು ಅನರ್ಥಕ್ಕೆ ಬಾಗಿಲು ತೆರೆಯಿತು. “ನೀವು ಜಾದೂ ಮಾಡ್ತೀರಂತೆ ಬೀಗರೇ? ಆರ್ನೆಲ್ ಹೇಳ್ತಿದ್ದ.”

ಅನಿಸೆತೊ ಹೆಂಡತಿಯತ್ತ ನೋಡಲಿಲ್ಲ. ನೋಡಿದ್ದರೆ ಕಲ್ಲಾಗುತ್ತಿದ್ದ! “ಅಯ್ಯೋ, ಏನೋ ಅಲ್ಪಸ್ವಲ್ಪ,” ಎನ್ನುತ್ತಿರುವಾಗಲೇ ಅವನ ಕೈಗಳು ತೊಡೆಯ ಕೆಳಗಿಂದ ಜೈಲಿನಿಂದ ಬಿಡುಗಡೆಯಾದ ಕೈದಿಗಳಂತೆ ಹೊರಗೆ ಹಾರಿದವು. ಕೆಂಪು ಚೆಂಡು ಮರದ ಬಟ್ಟಲಿನಲ್ಲಿ ಮಾಯವಾಗಿ ಚಿಕ್ಕಪ್ಪನೊಬ್ಬನ ಅಂಗಿಯ ಜೇಬಿನಿಂದ ಬಂತು. ಹಗ್ಗ ಎರಡಾಯಿತು, ಮತ್ತೆ ಒಂದಾಯಿತು. ಅತ್ತೆಯೊಬ್ಬರು ಚಪ್ಪಾಳೆ ತಟ್ಟಿದರು. ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಷ್ಟರಲ್ಲಿ ಪುರಿತಾ ಸೆರಗಿನ ಗಂಟಿನಷ್ಟು ಜೋಪಾನವಾಗಿ ಕೈಚೀಲದ ಒಳಜೇಬಿನಿಂದ ಒಂದು ಉಂಗುರ ತೆಗೆದರು. ಹಳೆಯ ಚಿನ್ನ, ನಡುವೆ ಒಂದು ಸಣ್ಣ ಮುತ್ತು. “ನಮ್ಮತ್ತೆಯವರದ್ದು. ಅವರು ಸಾಯೋ ಮುಂಚೆ, ‘ಆರ್ನೆಲ್ ಕೈಹಿಡಿಯೋಳಿಗೆ’ ಅಂತ ಹೇಳಿ ನನ್ನ ಕೈಲಿಟ್ರು. ಇವತ್ತು ಎಲ್ಲರೂ ಒಂದ್ಸಲ ಮುಟ್ಟಿ ಹರಸಲಿ ಅಂತ…”

“ಒಂದು ನಿಮಿಷ ಕೊಡ್ತೀರಾ?” ಎಂದ ಅನಿಸೆತೊ.

“ರೀ!” ಎಂದಳು ಲುಡಿ. ಆ ಒಂದಕ್ಷರದಲ್ಲಿ ಇಪ್ಪತ್ತಾರು ವರ್ಷದ ಸಂಸಾರವಿತ್ತು. ಆದರೆ ಉಂಗುರ ಆಗಲೇ ಹೊಂಬಣ್ಣದ ಪೆಟ್ಟಿಗೆಯೊಳಗೆ ಇಳಿದಿತ್ತು. ಅನಿಸೆತೊ ಮುಚ್ಚಳವನ್ನು ಒಂದೇ ಬೆರಳಿನಿಂದ ತಳ್ಳಿದ. ಟಕ್!

“ಮಹನೀಯರೇ, ಮಹಿಳೆಯರೇ! ನೋಡಿ, ಬೀಗ ಇಲ್ಲ, ಬೀಗದ ಕೈಯಿಲ್ಲ! ಇಡೀ ಪಂಪಾಂಗ ಸೀಮೆಯಲ್ಲಿ ಇದನ್ನ ತೆಗೆಯಬಲ್ಲ ಕೈ ಒಂದೇ ಒಂದು! ಒಂದು… ಎರಡು… ಮೂರು!”

ಬಲಕ್ಕೆ ವಾಲಿಸಿದ. ಎಡಕ್ಕೆ ಒತ್ತಿದ. ಮುಚ್ಚಳ ಅಲ್ಲಾಡಲಿಲ್ಲ.

“ಇದು ಬರೀ ಉಪ್ಪಿನಕಾಯಿ, ಊಟ ಈಗ ಬರುತ್ತೆ,” ಎಂದು ನಕ್ಕು, ಎಡಕ್ಕೆ ವಾಲಿಸಿ ಬಲಕ್ಕೆ ಒತ್ತಿದ. ತಲೆಕೆಳಗೆ ಮಾಡಿದ. ಬುಡಕ್ಕೆ ತಟ್ಟಿದ. ಊದಿದ. ಒಳಗೆ ಉಂಗುರ ಮಾತ್ರ ಗಿಲಿಗಿಲಿ ಎಂದು ಅವನನ್ನು ಅಣಕಿಸಿತು. ಅವನ ನಗು ಮೊದಲು ಕಣ್ಣಿನಿಂದ ಇಳಿಯಿತು, ಆಮೇಲೆ ಕೆನ್ನೆಯಿಂದ; ಹಲ್ಲು ಮಾತ್ರ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು.

ಆಮೇಲೆ ಪೆಟ್ಟಿಗೆ ಕೈಯಿಂದ ಕೈಗೆ ಹೋಯಿತು. ಒಬ್ಬರು ಕುಲುಕಿದರು, ಒಬ್ಬರು ತಿರುಚಿದರು, ಒಬ್ಬರು ಮುಚ್ಚಳದ ಸಂದಿಗೆ ಉಗುರು ಹಾಕಿ ಉಗುರು ಮುರಿದುಕೊಂಡರು. ಆರ್ನೆಲ್ ಎರಡೂ ಕೈಯಲ್ಲಿ ಹಿಡಿದು ಬರೀ ಬೆವರಿದ. ಅನಿಸೆತೊ ಪೋನ್ಸೊ ಅಜ್ಜನಿಗೆ ಏಳು ಸಲ ಫೋನ್ ಮಾಡಿದ. ಅಜ್ಜ ಫೋನನ್ನು ಮರದ ಹೊಟ್ಟಿನ ಡಬ್ಬಿಯಲ್ಲಿ ಹೂತಿಟ್ಟು ಕೆಲಸ ಮಾಡುವವರು. ಅದು ಅಲ್ಲೇ ಹೊಟ್ಟೆನೋವು ಬಂದವರಂತೆ ಗುರುಗುಟ್ಟಿ ಸುಮ್ಮನಾಗಿರಬೇಕು.

ಪುರಿತಾರ ಮುಖ ಬಿಳಿಚಿಕೊಂಡಿತ್ತು. “ಉಂಗುರ ಬೆರಳಿಗೆ ಹೋಗೋ ಮೊದಲೇ ಬಂಧನಕ್ಕೆ ಹೋಯ್ತು! ಇದಕ್ಕಿಂತ ಅಪಶಕುನ ಬೇಕಾ? ಬಿಳಿ ಎಮ್ಮೆ ಕಂಡಿದ್ದೂ ದಂಡ. ಕೊಡಿ ಇಲ್ಲಿ!” ಎಂದು ಪೆಟ್ಟಿಗೆಯನ್ನು ಕಿತ್ತುಕೊಂಡು ಹೋಗಿ, ಮೂಲೆಯ ಪೀಠದಲ್ಲಿದ್ದ ಬಾಲಯೇಸುವಿನ ಮುಂದಿಟ್ಟು, ಮೇಣದಬತ್ತಿ ಹಚ್ಚಿ, ಮೊಣಕಾಲೂರಿ ಜಪಮಾಲೆ ಹಿಡಿದರು. ಎಲ್ಲರೂ ಹಿಂದೆ ಮೊಣಕಾಲೂರಿದರು. ಪ್ರಾರ್ಥನೆ ನಡೆಯಿತು. ಐದು ನಿಮಿಷ, ಹತ್ತು ನಿಮಿಷ. ಅನಿಸೆತೊಗೆ ತಡೆಯಲಾಗಲಿಲ್ಲ. ಬಾಲಯೇಸುವಿನ ಮುಂದೆ ತೆವಳಿಕೊಂಡು ಹೋಗಿ, “ಇದೊಂದು ಹೊಳೀತು, ಇದೊಂದೇ ಒಂದು!” ಎಂದು ಪೆಟ್ಟಿಗೆ ಎತ್ತಿಕೊಂಡು ಬಿರುಸಾಗಿ ಮೂರು ಸುತ್ತು ತಿರುಗಿಸಿದ. ತೆರೆಯಲಿಲ್ಲ.

ವೆನಾನ್ಸಿಯೊ ಎದ್ದು ನಿಂತರು. ಅವತ್ತಿನ ಅವರ ಮೊದಲ ವಾಕ್ಯ ಹೊರಬಿತ್ತು. “ಗರಗಸ ಇದೆಯಾ?”

ಅನಿಸೆತೊ ಪೆಟ್ಟಿಗೆಯನ್ನು ಎದೆಗವಚಿಕೊಂಡ. “ಇದನ್ನಾ? ಬೀಗರೇ, ಇದು ಪೋನ್ಸೊ ಅಜ್ಜನ ಕೈ! ಎಂಬತ್ತೊಂದು ವರ್ಷ! ಇಂಥದ್ದು ಇನ್ನೊಂದು ಹುಟ್ಟಲ್ಲ! ಬೇಕಾದ್ರೆ ಮೊದಲು ನನ್ನ ಕೊಯ್ಯಿರಿ!”

“ಹೂಂ,” ಎಂದರು ವೆನಾನ್ಸಿಯೊ. ಇದು ಯಾವ ಹೂಂ ಎಂಬುದು ಯಾರಿಗೂ ತಿಳಿಯಲಿಲ್ಲ.

“ನಡೀರಿ, ಹೋಗೋಣ,” ಎಂದರು ಪುರಿತಾ ಕೈಚೀಲ ಮುಚ್ಚುತ್ತ. “ಮದುವೆ ಮಾತು ಒಂದು ವರ್ಷ ಬಿಟ್ಟು ನೋಡೋಣ. ನಮ್ಮತ್ತೆ ಉಂಗುರಕ್ಕಿಂತ ಮರದ ಡಬ್ಬಿ ಹೆಚ್ಚಾದ ಮನೆ ಇದು.”

ಅಲ್ಲಿಯವರೆಗೂ ಗೋಡೆಗೊರಗಿ ನಿಂತಿದ್ದ ಲಿಗಾಯಾ ಮುಂದೆ ಬಂದಳು. ಅವಳು ಅಳುತ್ತಿರಲಿಲ್ಲ, ಆಸ್ಪತ್ರೆಯಲ್ಲಿ ರೋಗಿಗಳನ್ನು ಕೇಳುವ ದನಿಯಲ್ಲೇ ಕೇಳಿದಳು. “ಅಪ್ಪಾ, ನಿನಗೆ ನಾನು ಬೇಕಾ, ಪೆಟ್ಟಿಗೆ ಬೇಕಾ?”

ಉತ್ತರ ಹೊಳೆಯದ ಪ್ರಶ್ನೆಯೇನಲ್ಲ. ಆದರೂ ಅನಿಸೆತೊ ಒಂದು ಗುಟುಕು ನುಂಗುವಷ್ಟು ಹೊತ್ತು ತಡಮಾಡಿದ. ಒಂದೇ ಗುಟುಕು. ಆ ಗುಟುಕಿನಲ್ಲಿ ಮಗಳ ಕಣ್ಣು ತುಂಬಿದ್ದನ್ನು ಅವನು ನೋಡಿದ. ಅವಳಿಗೆ ನಾಲ್ಕು ವರ್ಷವಿದ್ದಾಗ ಅವಳ ಮುಂದೆಯೇ ಅವನು ಮೊದಲ ಚೆಂಡು ಮಾಯ ಮಾಡಿದ್ದು. ಆಗ ಅವಳು ಚೆಂಡು ಹೋಯಿತೆಂದು ಅತ್ತಿರಲಿಲ್ಲ, ಅಪ್ಪನೂ ಹೀಗೇ ಹೋಗಿಬಿಟ್ಟರೆ ಎಂದು ಅತ್ತಿದ್ದಳು.

ಅವನು ಹಿತ್ತಿಲಿಗೆ ಹೋಗಿ ಗರಗಸ ತಂದ. ಪೆಟ್ಟಿಗೆಯನ್ನು ಮೇಜಿನ ಅಂಚಿಗಿಟ್ಟ. “ಎಲ್ಲಾ ಪೆಟ್ಟಿಗೇನೂ ಕೊಯ್ತೀನಿ ಮಗಳೇ,” ಎಂದು ಹೇಳಿ ಗರಗಸದ ಹಲ್ಲನ್ನು ಮರಕ್ಕೆ ತಾಗಿಸಿದ.

“ಬೇಡ, ತಡೀರಿ!”

ಕೂಗಿದವಳು ಲುಡಿ! ಮನೆಯ ಜಾದೂ ಸಾಮಾನನ್ನೆಲ್ಲ ಒಲೆಗೆ ಹಾಕುತ್ತೇನೆಂದು ವಾರಕ್ಕೊಮ್ಮೆ ಹೆದರಿಸುತ್ತಿದ್ದ ಲುಡಿ, ಓಡಿಬಂದು ಗರಗಸ ಕಸಿದುಕೊಂಡಳು. ಮುಖ ಕೆಂಪಾಗಿತ್ತು. “ಕೊಯ್ಯೋದು ಬೇಡ. ಎಲ್ಲರೂ ಪೋನ್ಸೊ ಅಜ್ಜನ ಹತ್ರ ಹೋಗೋಣ. ಮುಕ್ಕಾಲು ಗಂಟೆ ದಾರಿ. ಬನ್ನಿ ಪುರಿತಾ, ನಿಮ್ಮ ಕಾಲಿಗೆ ಬೀಳ್ತೀನಿ, ಇಷ್ಟು ಮಾಡಿ.”

ಹೆಂಡತಿಗೆ ತನ್ನ ಕಲೆಯ ಮೇಲೆ ಇಷ್ಟೊಂದು ಪ್ರೀತಿಯಿದೆಯೆಂದು ಅನಿಸೆತೊಗೆ ಕಣ್ಣೀರೇ ಬಂತು.

ಜೀಪ್ನಿ ಹೊರಟಿತು. ಬೀಗರು ಒಂಬತ್ತು, ಇವರು ಮೂವರು, ತಿನ್ನದೆ ಉಳಿದ ಶ್ಯಾವಿಗೆಯೂ ಜೊತೆಗೆ. ಅಂಥ ಶ್ಯಾವಿಗೆಯನ್ನು ಬೆಕ್ಕಿಗೆ ಬಿಟ್ಟುಬರಲು ಯಾರಿಗೆ ಮನಸ್ಸಾದೀತು? ಅನಿಸೆತೊ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ವಾಲಿಸಿದ, ಒತ್ತಿದ, ಕುಲುಕಿದ, ಕಿವಿಗಿಟ್ಟು ಕೇಳಿದ. ಪ್ರತಿ ಗುಂಡಿಯಲ್ಲೂ ಜೀಪ್ನಿ ಅವನಿಗಿಂತ ಜೋರಾಗಿ ಕುಲುಕಿತು.

ಪೋನ್ಸೊ ಅಜ್ಜ ತಮ್ಮ ತಗಡಿನ ಚಪ್ಪರದಡಿ ಯಾವುದೋ ಸಂತನ ಮೂಗನ್ನು ಉಳಿಯಿಂದ ತಿದ್ದುತ್ತಿದ್ದರು. ಹನ್ನೊಂದು ಜನ, ಒಂದು ತಟ್ಟೆ ಶ್ಯಾವಿಗೆ, ಮತ್ತು ಪ್ರಾಣ ಹೋದವನಂತಿದ್ದ ಅನಿಸೆತೊ ಒಟ್ಟಿಗೆ ಒಳನುಗ್ಗಿದ್ದನ್ನು ನೋಡಿ ಕನ್ನಡಕ ಹಣೆಗೇರಿಸಿದರು.

“ಅಜ್ಜಾ, ತೆಗೀತಾ ಇಲ್ಲ! ಒಳಗೆ ಮಗಳ ಮದುವೆ ಉಂಗುರ ಇದೆ!”

ಅಜ್ಜ ಪೆಟ್ಟಿಗೆ ನೋಡಿದರು. ಅನಿಸೆತೊನನ್ನು ನೋಡಿದರು. ಅವನ ಹಿಂದೆ ನಿಂತು ಕೈಸನ್ನೆ, ಕಣ್ಸನ್ನೆ, ಹುಬ್ಬುಸನ್ನೆಗಳನ್ನೆಲ್ಲ ಒಟ್ಟಿಗೆ ಮಾಡುತ್ತಿದ್ದ ಲುಡಿಯನ್ನು ನೋಡಿದರು. ಅಜ್ಜನಿಗೆ ಮರದ ಸೂಕ್ಷ್ಮ ತಿಳಿಯುತ್ತಿತ್ತು, ಮನುಷ್ಯರದ್ದಲ್ಲ.

“ತೆಗೀತಾ ಇಲ್ವಾ? ಒಳ್ಳೇದಾಯ್ತಲ್ಲ! ಏನಮ್ಮಾ ಲುಡಿ, ನೀನೇ ತಾನೇ ಹೇಳಿದ್ದು? ‘ಭಾನುವಾರ ಬೀಗರು ಬರ್ತಾರೆ, ಇವರು ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಾರೆ, ಒಂದಿಡೀ ದಿನ ಕೈಯಾಡಿಸಿದ್ರೂ ತೆಗೆಯೋಕಾಗದ ಪೆಟ್ಟಿಗೆ ಮಾಡಿಕೊಡಿ, ಮೂಲೇಲಿ ಸುಮ್ನೆ ಕೂತಿರಲಿ’ ಅಂತ. ಮಾಡಿದೀನಿ. ತಕರಾರೇನು?”

ಲುಡಿ ಸಂತನ ಮೂಗನ್ನೇ ತದೇಕಚಿತ್ತದಿಂದ ನೋಡತೊಡಗಿದಳು.

“ಲುಡಿ… ಇದು ನೀನು…”

“ಮಗುವಿಗೆ ಗಿಲಕಿ ಕೊಡಲ್ವಾ? ಹಾಗೆ,” ಎಂದಳು ಲುಡಿ ಸಣ್ಣ ದನಿಯಲ್ಲಿ. “ಅದರೊಳಗೆ ನೀವು ಉಂಗುರ ಹಾಕ್ತೀರಿ ಅಂತ ನನಗೇನು ಕನಸು ಬಿದ್ದಿತ್ತಾ?”

“ಇಂಥ ಪೆಟ್ಟಿಗೇಲಿ ಇದು ಹನ್ನೊಂದನೇದು,” ಎಂದು ಅಜ್ಜ ತಮ್ಮಷ್ಟಕ್ಕೆ ಮುಂದುವರಿಸಿದರು. “ಹನ್ನೊಂದಕ್ಕೂ ಹೇಳಿದೋರು ಹೆಂಗಸರೇ.”

ಅವಮಾನವನ್ನು ಆಮೇಲೆ ಪಡಬಹುದೆಂದು ಅನಿಸೆತೊ ಬದಿಗಿಟ್ಟ. “ಸರಿ ಅಜ್ಜಾ, ಎಲ್ಲಿ ಒತ್ತಬೇಕು ಹೇಳಿ.”

“ಎಲ್ಲೂ ಒತ್ತಬಾರದು.”

“ಯಾವ ಕಡೆ ವಾಲಿಸ್ಬೇಕು?”

“ಯಾವ ಕಡೆಗೂ ವಾಲಿಸ್ಬಾರದು. ಸುಮ್ನೆ ಬಿಡಬೇಕು! ಗೋಡೆ ಒಳಗೆ ಜ್ವಾಲಾಮುಖಿ ಬೆಟ್ಟ ಉಗುಳಿದ ಬೂದಿಮರಳು ಹಾಕಿದೀನಿ, ಮೈದಾಗಿಂತ ನುಣುಪು. ಸಮನಾದ ಕಡೆ ಇಟ್ಟು ಕಾಲು ಗಂಟೆ ಮುಟ್ಟದೇ ಇದ್ರೆ ಮರಳೆಲ್ಲ ಕೆಳಗಿಳಿದು ಚಿಲಕ ತಾನೇ ಕಳಚಿಕೊಳ್ಳುತ್ತೆ. ಒಂದ್ಸಲ ಕುಲುಕಿದ್ರೆ ಮತ್ತೆ ಮೊದಲಿಂದ.”

ಪುರಿತಾ ಚೀರಿದರು. “ಅಂದ್ರೆ ನಾನು ಜಪಮಾಲೆ ಹಿಡಿದಾಗ ಹತ್ತು ನಿಮಿಷ ಆಗಿತ್ತು! ಇನ್ನೊಂದು ಐದು ನಿಮಿಷ ನನ್ನ ಪ್ರಾರ್ಥನೆಗೆ ಬಿಟ್ಟಿದ್ರೆ ತಾನೇ ತೆರೀತಿತ್ತು! ಬಾಲಯೇಸು ಕೊಡೋಕೆ ಕೈ ಚಾಚಿದ್ರೆ ಈ ಮನುಷ್ಯ ಕಿತ್ಕೊಂಡ್ರಲ್ಲಾ!” ಹೇಳುತ್ತ ಹೇಳುತ್ತ ಅವರ ಮುಖ ತಿಳಿಯಾಯಿತು. ಪವಾಡ ಮುಕ್ಕಾಲು ಭಾಗವಾದರೂ ಆಗಿತ್ತು. ಅಂದಮೇಲೆ ಶಕುನ ಕೆಟ್ಟದ್ದಾಗುವುದು ಹೇಗೆ? ಬಿಳಿ ಎಮ್ಮೆಯ ಮರ್ಯಾದೆ ಉಳಿಯಿತು.

ಅಜ್ಜ ಪೆಟ್ಟಿಗೆಯನ್ನು ಕೆಲಸದ ಬೆಂಚಿನ ನಡುವೆ ಇಟ್ಟರು. ಎಲ್ಲರೂ ಮರದ ದಿಮ್ಮಿಗಳ ಮೇಲೆ ಸುತ್ತ ಕೂತರು. ವೆನಾನ್ಸಿಯೊ ಬಂದು ಅನಿಸೆತೊವಿನ ಬಲಗಡೆ ಕೂತು ಅವನ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಎಡಗಡೆ ಲಿಗಾಯಾ ಕೂತು ಎಡಗೈ ಹಿಡಿದಳು.

“ಅಪ್ಪಾ, ಗರಗಸ ಹಾಕೇಬಿಡ್ತಿದ್ದೆಯಾ?”

“ಹಾಕ್ತಿದ್ದೆ.”

“ಯಾಕೆ ಅಷ್ಟು ಹೊತ್ತು ಯೋಚನೆ ಮಾಡಿದೆ?”

“ಯೋಚನೆ ಮಾಡ್ಲಿಲ್ಲ ಮಗಳೇ. ನಾಚಿಕೆ ಆಯ್ತು. ನೀನು ಹಾಗೆ ಕೇಳೋ ಹಾಗೆ ನಡ್ಕೊಂಡ್ನಲ್ಲ ಅಂತ.”

ಲಿಗಾಯಾ ಅವನ ಭುಜಕ್ಕೆ ತಲೆಯಾನಿಸಿದಳು. ಆ ಎರಡು ನಿಮಿಷ ಅನಿಸೆತೊವಿನ ಮಂಡಿ ನಿಜಕ್ಕೂ ಅಲ್ಲಾಡಲಿಲ್ಲ. ಇತ್ತ ಹೆಂಗಸರು ಶ್ಯಾವಿಗೆ ಹಂಚುತ್ತ ಮಾತಿಗಿಳಿದರು. ಜನವರಿ ಒಳ್ಳೆಯದು ಎಂದರು ಪುರಿತಾ. ಎರಡನೇ ಶನಿವಾರ ಎಂದಳು ಲುಡಿ. ಆರ್ನೆಲ್ ಒಮ್ಮೆ ಬೆವರೊರೆಸಿಕೊಂಡು “ಆಗಲಿ” ಎಂದ. ಹೀಗೆ ಮನೆಯಲ್ಲಿ ಗಂಟೆಗಟ್ಟಲೆ ಕೂತರೂ ಮುಗಿಯದಿದ್ದ ಮದುವೆ ಮಾತು, ಎಲ್ಲರೂ ಸುಮ್ಮನೆ ಕೂತ ಒಂಬತ್ತೇ ನಿಮಿಷದಲ್ಲಿ ಮುಗಿದುಹೋಯಿತು!

ದಿನ ಗೊತ್ತಾದ ಖುಷಿಯಲ್ಲಿ ವೆನಾನ್ಸಿಯೊ ಶ್ಯಾವಿಗೆ ತಟ್ಟೆ ತೆಗೆದುಕೊಳ್ಳಲು ಕೈ ಬಿಟ್ಟರು. ಲಿಗಾಯಾ ಆರ್ನೆಲ್‌ಗೆ ನೀರು ಕೊಡಲು ಕೈ ಬಿಟ್ಟಳು. ಎರಡು ಕೈಯೂ ಖಾಲಿ! ಹನ್ನೆರಡನೇ ನಿಮಿಷ. ಅಂಗೈ ನವೆ. ಹದಿಮೂರನೇ ನಿಮಿಷ. ಕುತ್ತಿಗೆ ತನ್ನಷ್ಟಕ್ಕೆ ತಾನೇ ತಿರುಗಿತು. ಹಿಂದಿನ ಗೋಡೆಯ ಮೇಲಿನ ಹಲಗೆಯಲ್ಲಿ ಅರ್ಧ ಮುಗಿದ ಒಂದು ಮರದ ಮೀನು ಕಾಣಿಸಿತು. ಅದರ ಹೊಟ್ಟೆಯಲ್ಲೊಂದು ಸಂದಿ. ಆ ಸಂದಿಯೊಳಗೆ ಏನಿದ್ದೀತು?

‘ಪೆಟ್ಟಿಗೆ ಮುಟ್ಟಬಾರದು ಅಂದಿದಾರೆ; ಮೀನು ಮುಟ್ಟಬಾರದು ಅಂದಿಲ್ಲವಲ್ಲ!’ ಅನಿಸೆತೊ ತುದಿಗಾಲಲ್ಲಿ ಎದ್ದ. ಎರಡು ಹೆಜ್ಜೆ ಹಾಕಿದ. ಮೀನಿನ ಹೊಟ್ಟೆಗೆ ಕಣ್ಣಿಟ್ಟ.

ಟಕ್!

ಬೆನ್ನ ಹಿಂದೆ ಹನ್ನೊಂದು ಬಾಯಿಗಳಿಂದ ಒಟ್ಟಿಗೆ “ಆಹಾ!” ಎಂಬ ಉದ್ಗಾರ ಹೊರಟಿತು. ಚಪ್ಪಾಳೆಯೋ ಚಪ್ಪಾಳೆ! ವೆನಾನ್ಸಿಯೊ ಕೂಡ ಶ್ಯಾವಿಗೆ ತಟ್ಟೆ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಅನಿಸೆತೊ ಗಿರಕ್ಕನೆ ತಿರುಗುವಷ್ಟರಲ್ಲಿ ಮುಚ್ಚಳ ಪೂರ್ತಿ ತೆರೆದುಕೊಂಡಿತ್ತು. ಉಂಗುರ ಪುರಿತಾರ ಅಂಗೈಯಲ್ಲಿತ್ತು. ಆಕೆ ಅದಕ್ಕೆ ಮುತ್ತಿಟ್ಟು, ಲಿಗಾಯಾಳ ಬೆರಳಿಗೆ ಒಮ್ಮೆ ತೊಡಿಸಿ ಅಳತೆ ನೋಡಿ, ತೆಗೆದು ಮತ್ತೆ ಪೆಟ್ಟಿಗೆಯೊಳಗೇ ಇಟ್ಟು ಟಕ್ಕೆಂದು ಮುಚ್ಚಿ, ಪೆಟ್ಟಿಗೆಯನ್ನು ತಮ್ಮ ಕೈಚೀಲಕ್ಕೆ ಸೇರಿಸಿದರು.

“ಮದುವೆವರೆಗೂ ಇದು ನಮ್ಮನೇಲಿ ಇರ್ಲಿ. ಇದಕ್ಕಿಂತ ಭದ್ರವಾದ ತಿಜೋರಿ ಇಲ್ಲ,” ಎಂದರು.

“ತಡೀರಿ, ತಡೀರಿ! ನಾನು ನೋಡ್ಲೇ ಇಲ್ಲ! ಹೇಗೆ ತೆರೀತು? ಮುಚ್ಚಳ ನಿಧಾನಕ್ಕೆ ಎದ್ದಿತಾ, ಚಿಮ್ಮಿತಾ? ಮರಳಿನ ಸದ್ದು ಬಂತಾ? ಇನ್ನೊಂದ್ಸಲ… ಬರೀ ಕಾಲು ಗಂಟೆ!”

“ಬೇಡ!” ಎಂದರು ಹನ್ನೊಂದು ಜನ. ಪೋನ್ಸೊ ಅಜ್ಜನೂ ಸೇರಿ ಹನ್ನೆರಡು.

ಅನಿಸೆತೊ ಹೆಂಡತಿಯ ಮುಂದೆ ಕೈಜೋಡಿಸಿ ನಿಂತ. “ಲುಡಿ, ನೀನಾದ್ರೂ ಹೇಳೇ. ನೀನು ನೋಡಿದ್ಯಲ್ಲ, ಹೇಗಿತ್ತೇ ಅದು?”

ಲುಡಿವಿನಾ ಶ್ಯಾವಿಗೆ ಬಡಿಸುವ ಸೌಟನ್ನು ಕೆಳಗಿಟ್ಟಳು. ಸೀರೆಯಿದ್ದಿದ್ದರೆ ಸೆರಗು ಕೊಡವುತ್ತಿದ್ದಳೇನೋ; ಇಲ್ಲದ್ದಕ್ಕೆ ಸ್ಕರ್ಟನ್ನೇ ಕೊಡವಿಕೊಂಡು, ವೇದಿಕೆಯ ಮೇಲೆ ನಿಂತವಳಂತೆ ಗತ್ತಿನಿಂದ ತಲೆಯೆತ್ತಿದಳು.

“ಅಯ್ಯೋ, ಅದ್ಹೇಗ್ರೀ ಹೇಳೋದು? ಜಾದೂ ಗುಟ್ಟನ್ನ ಕಟ್ಟಿಕೊಂಡವರಿಗೂ ಹೇಳಬಾರ್ದಂತೆ!”